ಏಕಾದಶಿಯ ಮಾತ್ರೆ

ಮೈ ಹುಷಾರಿಲ್ಲದಾಗ ಮಾತ್ರೆ ನುಂಗುವುದು ಯಾರಿಗೂ ಕಷ್ಟವಲ್ಲ. ಹುಷಾರಾದ ಮೇಲೂ ದಿನಾ ನುಂಗಬೇಕು ಎಂದರೆ ಮಾತ್ರ ನಮಗೆಲ್ಲ ಒಂದೊಂದು ನೆಪ ಸಿಕ್ಕಿಬಿಡುತ್ತದೆ. ಶಿವಮೊಗ್ಗದ ವಿದ್ಯಾನಗರದ ಶರಾವತಿಗೆ ಸಿಕ್ಕಿದ್ದು ಏಕಾದಶಿ.

ಶರಾವತಿಗೆ ಐವತ್ತೆರಡು ವರ್ಷ. ಹೈಸ್ಕೂಲಿನಲ್ಲಿ ಸಂಸ್ಕೃತ ಟೀಚರ್. ನಾಲ್ಕು ವರ್ಷದ ಹಿಂದೆ ಅವಳ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ದಿನ ಡಯಾಲಿಸಿಸ್, ಉಳಿದ ದಿನ ಸುಸ್ತು. ಆಗ ಅಕ್ಕ ಸರಸ್ವತಿ ಹೆಚ್ಚು ಮಾತಾಡದೆ ತನ್ನದೊಂದು ಕಿಡ್ನಿ ಕೊಟ್ಟಳು. ಮಂಗಳೂರಿನ ಆಸ್ಪತ್ರೆಯಲ್ಲಿ ಕಸಿಯಾಯಿತು. ಶರಾವತಿ ಮತ್ತೆ ಪಾಠ ಮಾಡತೊಡಗಿದಳು, ಹಬ್ಬಕ್ಕೆ ಹೋಳಿಗೆ ತಟ್ಟಿದಳು, ಗಂಡ ವಾದಿರಾಜನ ಜೊತೆ ಮೊದಲಿನಂತೆ ಜಗಳವನ್ನೂ ಆಡಿದಳು. ಮನೆಗೆ ಜೀವ ಬಂತು.

ಹೀಗೆ ಮೂರು ವರ್ಷ ಸುಖವಾಗಿ ಕಳೆದ ಮೇಲೆ ಅವಳಿಗೆ ಅಪ್ಪ ಬಹಳ ನೆನಪಾಗತೊಡಗಿದ. ಅಪ್ಪ ವೆಂಕಟಾಚಲ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ. ಏಕಾದಶಿಯ ದಿನ ಒಂದು ತೊಟ್ಟು ನೀರನ್ನೂ ಮುಟ್ಟದೆ ಕೆಲಸಕ್ಕೆ ಹೋಗಿ ಬರುತ್ತಿದ್ದ. ಮಾರನೆಯ ದಿನ ದ್ವಾದಶಿಯ ಬೆಳಿಗ್ಗೆ ಅಗಸೆಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ. ಇಡೀ ಸಾಲುಮನೆಗೆ ಒಗ್ಗರಣೆಯ ಘಮ. ಹೋದ ಜೀವ ಮರಳಿ ಬಂದಿದೆ, ದೇವರಿಗೆ ಏನಾದರೂ ಮಾಡಬೇಡವೇ ಎಂದುಕೊಂಡು ಅವಳೂ ನಿರ್ಜಲ ಏಕಾದಶಿ ಹಿಡಿದಳು. ನೀರೇ ಇಲ್ಲವೆಂದ ಮೇಲೆ ಮಾತ್ರೆ ಎಲ್ಲಿಂದ ಬಂತು? ಹದಿನೈದು ದಿನಕ್ಕೆ ಒಂದು ದಿನ ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ವಾದಿರಾಜನಿಗೆ ಉಪವಾಸ ಗೊತ್ತಿತ್ತು, ಮಾತ್ರೆ ಬಿಟ್ಟಿದ್ದು ಗೊತ್ತಿರಲಿಲ್ಲ. ಡಾಕ್ಟರಿಗಂತೂ ಎರಡೂ ಗೊತ್ತಿರಲಿಲ್ಲ.

ಎಂಟು ತಿಂಗಳು ಹೀಗೇ ನಡೆಯಿತು. ಒಂದು ಸೋಮವಾರ ಸವಳಂಗ ರಸ್ತೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ ಒಂದು ಪಾಯಿಂಟ್ ಎಂಟು ಎಂದು ಬಂತು. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ಏರುವ ಅಂಕಿ ಅದು. ಯಾವಾಗಲೂ ಒಂದು ಪಾಯಿಂಟ್ ಒಂದು ಇರುತ್ತಿತ್ತು. ಬಿಸಿಲಿಗೆ ಇರಬೇಕು ಎಂದು ಶರಾವತಿ ರಿಪೋರ್ಟನ್ನು ಬೀರುವಿನಲ್ಲಿ ಸೀರೆಯ ಕೆಳಗೆ ಇಟ್ಟಳು. ಸೀರೆಯ ಕೆಳಗಿಟ್ಟರೆ ಅಂಕಿ ಇಳಿಯುತ್ತದೆಯೇ! ಆದರೂ ಇಟ್ಟಳು, ಭಯಕ್ಕೆ.

ಅದೇ ವಾರ ಸಫೂರಾ ಬಂದಳು. ಸಫೂರಾ ಕಾರ್ಖಾನೆಯ ಕ್ರೇನ್ ಆಪರೇಟರ್ ರಸೂಲ್ ಸಾಬರ ಮಗಳು. ಚಿಕ್ಕಂದಿನಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಇಬ್ಬರ ಮನೆಗೂ ಒಂದೇ ಗೋಡೆ, ಒಂದೇ ನಲ್ಲಿ. ಈಗ ಅವಳು ಪುಣೆಯಲ್ಲಿ ದೊಡ್ಡ ವಿಜ್ಞಾನಿ. ಶಿವಮೊಗ್ಗದ ರಾಗಿಗುಡ್ಡದಲ್ಲಿರುವ ತಮ್ಮನ ಮನೆಗೆ ಬಂದವಳು ನೇರ ವಿದ್ಯಾನಗರಕ್ಕೆ ಬಂದು, "ನಡಿ ಮಾರಾಯ್ತಿ, ಭದ್ರಾವತಿ ನೋಡ್ಕೊಂಡು ಬರೋಣ," ಎಂದು ಎಬ್ಬಿಸಿದಳು.

ಬೆಳಿಗ್ಗೆಯೇ ಬಸ್ಸು ಹತ್ತಿದರು. ಹಳೆಯ ಕ್ವಾರ್ಟರ್ಸಿನ ಸಾಲಿನಲ್ಲಿ ಹಲವು ಮನೆಗಳಿಗೆ ಬೀಗ ಬಿದ್ದಿತ್ತು. ತಮ್ಮ ಎರಡು ಮನೆಗಳ ಮುಂದೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಇಬ್ಬರೂ ಜಗಲಿಯ ಮೆಟ್ಟಿಲ ಮೇಲೆ ಕುಳಿತರು. ಸೈರನ್ ಕೂಗಿದರೆ ಇಡೀ ಬೀದಿ ಗಡಿಯಾರ ತಿದ್ದಿಕೊಳ್ಳುತ್ತಿದ್ದುದು, ಪಕ್ಕದ ಬೀದಿಯ ತಮಿಳಮ್ಮ ಕೊಡುತ್ತಿದ್ದ ಮುರುಕು, ನಲ್ಲಿಯ ಮುಂದಿನ ಜಗಳ, ಎಲ್ಲ ಒಂದೊಂದಾಗಿ ಮಾತಿಗೆ ಬಂತು. ನಕ್ಕು ನಕ್ಕು ಇಬ್ಬರಿಗೂ ಕಣ್ಣಲ್ಲಿ ನೀರು ಬಂತು. ಆ ದಿನಗಳು ಎಷ್ಟು ಚೆನ್ನಾಗಿದ್ದವು!

ಹತ್ತು ಗಂಟೆಗೆ ಶರಾವತಿಯ ಮೊಬೈಲಿನ ಅಲಾರಂ ಹೊಡೆಯಿತು. ಅವಳು ಅದನ್ನು ಆರಿಸಿ ಚೀಲಕ್ಕೆ ಹಾಕಿದಳು.

"ಏನದು?" ಸಫೂರಾ ಕೇಳಿದಳು.

"ಮಾತ್ರೆ ಹೊತ್ತು. ಇವತ್ತು ಇಲ್ಲ ಬಿಡು."

"ಇವತ್ತು ಯಾಕಿಲ್ಲ?"

"ಏಕಾದಶಿ ಅಲ್ವೇನೇ? ನೀರೂ ಕುಡಿಯಲ್ಲ ನಾನು."

ಸಫೂರಾಳ ನಗು ಅಲ್ಲಿಗೇ ನಿಂತಿತು. "ಶರಾ, ಎಷ್ಟು ದಿನದಿಂದ ಹೀಗೆ?"

"ಎಂಟು ತಿಂಗಳಿಂದ. ನೀನೊಬ್ಬಳು! ಹೊರಗಿನವರ ಕಿಡ್ನಿ ಆಗಿದ್ರೆ ಹೆದರಬೇಕಿತ್ತು. ಇದು ಒಡಹುಟ್ಟಿದ ಅಕ್ಕಂದು, ಒಂದೇ ರಕ್ತ. ಅದೂ ಮೂರು ವರ್ಷ ಆಯ್ತು, ನನ್ನದೇ ಆಗೋಗಿದೆ."

"ಅಕ್ಕ ನಿನಗೆ ಅಕ್ಕ. ನಿನ್ನ ಮೈಗೆ ಅಕ್ಕ ಅಲ್ಲ ಮಾರಾಯ್ತಿ. ನಮ್ಮ ಗೇಟಿನ ಹಾಲಸ್ವಾಮಿ ನೆನಪಿದಾನಾ?"

ನೆನಪಿಲ್ಲದೆ ಏನು! ಕಾರ್ಖಾನೆಯ ಕಾವಲುಗಾರ ಹಾಲಸ್ವಾಮಿ ದಿನಾ ವೆಂಕಟಾಚಲನ ಜೊತೆ ಕಾಫಿ ಕುಡಿಯುತ್ತಿದ್ದ. ಒಂದು ದಿನ ವೆಂಕಟಾಚಲ ಪಾಸ್ ಮರೆತು ಹೋದಾಗ ಅದೇ ಹಾಲಸ್ವಾಮಿ ಗೇಟಿನಲ್ಲಿ ತಡೆದು ನಿಲ್ಲಿಸಿದ್ದ. ಹುಡುಗಿಯರಿಬ್ಬರೂ ಓಡಿಹೋಗಿ ಮನೆಯಿಂದ ಪಾಸ್ ತಂದುಕೊಟ್ಟಿದ್ದರು.

"ಇಪ್ಪತ್ತು ವರ್ಷದ ಪರಿಚಯ, ಆದ್ರೂ ಬಿಟ್ನಾ? ಮೈಯೊಳಗಿನ ಕಾವಲುಗಾರರೂ ಹಂಗೇ," ಎಂದಳು ಸಫೂರಾ. "ರೋಗನಿರೋಧಕ ಶಕ್ತಿ ಅಂತೀವಲ್ಲ, ಅದು. ಜ್ವರದ ಕ್ರಿಮಿ ಬಂದ್ರೂ ಹಿಡೀತಾರೆ, ಅಕ್ಕನ ಕಿಡ್ನಿ ಬಂದ್ರೂ ಹಿಡೀತಾರೆ. ಅವರಿಗೆ ಅದು ಯಾವಾಗ್ಲೂ ಹೊರಗಿಂದೇ. ಮೂರು ವರ್ಷ ಅಲ್ಲ, ಮೂವತ್ತು ವರ್ಷ ಆದ್ರೂ ಅಷ್ಟೆ. ನೀನು ತಗೊಳ್ಳೋ ಮಾತ್ರೆ ಕಿಡ್ನಿ ವಾಸಿ ಮಾಡೋದಕ್ಕಲ್ಲ. ಆ ಕಾವಲುಗಾರರು ಸ್ವಲ್ಪ ತೂಕಡಿಸ್ಲಿ ಅಂತ. ನೀನು ಒಂದು ದಿನ ಬಿಟ್ಟೆ, ಅವರು ಎದ್ದು ಕೂತ್ರು."

"ನನಗೆ ನೋವಿಲ್ಲ, ಜ್ವರ ಇಲ್ಲ. ಏನೂ ಆಗೇ ಇಲ್ವಲ್ಲ?"

"ಶುರುನಲ್ಲಿ ಎಷ್ಟೋ ಜನಕ್ಕೆ ಏನೂ ಗೊತ್ತಾಗಲ್ಲ. ರಕ್ತ ಪರೀಕ್ಷೇಲಿ ಮಾತ್ರ ಗೊತ್ತಾಗುತ್ತೆ. ಯಾವಾಗ ಮಾಡಿಸ್ದೆ?"

ಶರಾವತಿ ಹುಲ್ಲಿನ ಕಡೆ ನೋಡುತ್ತ ಅಂಕಿ ಹೇಳಿದಳು. ಸಫೂರಾ ಬೈಯಲಿಲ್ಲ. ಅವಳ ಕೈ ಹಿಡಿದುಕೊಂಡಳು.

"ಇಪ್ಪತ್ತು ವರ್ಷದಿಂದ ನನ್ನ ಕೆಲಸ ಇದೇ ಕಣೇ. ಈ ಕಾವಲುಗಾರರಿಗೆ ಹೊಸ ಕಿಡ್ನಿ ಒಂದನ್ನ ಮಾತ್ರ ನಮ್ಮದು ಅಂತ ಒಪ್ಪಿಕೊಳ್ಳೋದು ಕಲಿಸಬೇಕು, ಮಿಕ್ಕ ಕಾವಲು ಹಾಗೇ ಇರಬೇಕು. ಇಲಿಗಳ ಮೇಲೆ ಸ್ವಲ್ಪ ಆಗಿದೆ. ಮನುಷ್ಯರಲ್ಲಿ ಇನ್ನೂ ಪರೀಕ್ಷೆ ನಡೀತಿದೆ. ನಾನು ಮುಗಿಸೋ ತನಕ ನೀನು ಕಾಯಬೇಕಲ್ಲ? ಅಲ್ಲೀವರೆಗೂ ಈ ಮಾತ್ರೆನೇ ಗತಿ."

"ಅಪ್ಪ ಜ್ವರ ಬಂದಾಗ್ಲೂ ಏಕಾದಶಿ ಬಿಟ್ಟೋರಲ್ಲ ಸಫೂ. ನಾನು ಹೇಗೆ ಬಿಡ್ಲಿ?" ಎಂದಳು ಶರಾವತಿ.

"ನಿಮ್ಮಪ್ಪಂದು ನಿನಗಿಂತ ನನಗೇ ಚೆನ್ನಾಗಿ ನೆನಪಿರೋ ಹಾಗಿದೆ. ಇದೇ ಮೆಟ್ಟಿಲು. ರಂಜಾನ್ ತಿಂಗಳು. ನಮ್ಮಪ್ಪ ಸಕ್ಕರೆ ಕಾಯಿಲೆ ಇಟ್ಕೊಂಡು ರೋಜಾ ಹಿಡಿದಿದ್ರು. ಮಧ್ಯಾಹ್ನ ಮೈಯೆಲ್ಲ ಬೆವರಿ, ಕೈಕಾಲು ನಡುಗಿ ಇಲ್ಲೇ ಕುಸಿದು ಕೂತ್ರು. ಸಕ್ಕರೆ ನೀರು ತಂದಿದ್ದು ಯಾರು?"

ಶರಾವತಿಗೆ ಒಮ್ಮೆಗೇ ಎಲ್ಲ ಕಣ್ಣ ಮುಂದೆ ಬಂತು. ತಂದಿದ್ದು ಅವಳೇ. ಹಿತ್ತಾಳೆ ಲೋಟ. ರಸೂಲ್ ಸಾಬರು ತಲೆ ಅಲ್ಲಾಡಿಸಿ, "ರೋಜಾ ಇದೆ ಸ್ವಾಮೇರೇ," ಎಂದಿದ್ದರು. ಅಪ್ಪ ಅವರ ಪಕ್ಕದಲ್ಲೇ ಕುಳಿತು, "ರಸೂಲ್, ದೇವರು ನಿನ್ನ ಹಸಿವು ಕೇಳಿದಾನೆ, ಪ್ರಾಣ ಕೇಳಿಲ್ಲ. ಕುಡಿ," ಎಂದು ತಾನೇ ಲೋಟ ಹಿಡಿದು ಕುಡಿಸಿದ್ದ. ಅಂದು ಏಕಾದಶಿ. ಕುಡಿಸಿದವನ ಬಾಯಿ ಒಣಗಿತ್ತು.

"ಆಮೇಲೆ ನಮ್ಮಪ್ಪ ರೋಜಾ ಬದಲು ಬಡವರಿಗೆ ಊಟ ಹಾಕ್ತಿದ್ರು," ಎಂದಳು ಸಫೂರಾ. "ನಿಮ್ಮ ಶಾಸ್ತ್ರದಲ್ಲೂ ಕಾಯಿಲೆಯವರಿಗೆ ವಿನಾಯಿತಿ ಇಲ್ವಾ? ಸಂಸ್ಕೃತ ಟೀಚರ್ ನೀನು, ನಾನಲ್ಲ."

ವಿನಾಯಿತಿ ಇತ್ತು. ಔಷಧಿಯಿಂದ ವ್ರತ ಕೆಡುವುದಿಲ್ಲ ಎಂದು ಅಪ್ಪನೇ ಎಷ್ಟೋ ಜನಕ್ಕೆ ಹೇಳಿದ್ದ. ಅಪ್ಪನ ಹಟವೊಂದನ್ನು ನೆನಪಿಟ್ಟುಕೊಂಡು ಅಪ್ಪನ ಕರುಣೆಯನ್ನು ಮರೆತುಬಿಟ್ಟೆನಲ್ಲ ಎಂದು ಶರಾವತಿ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಚೀಲದಿಂದ ಮಾತ್ರೆ ತೆಗೆದಳು. ಸಫೂರಾ ನೀರಿನ ಬಾಟಲಿ ಮುಚ್ಚಳ ತಿರುವಿ ಕೊಟ್ಟಳು. ಶರಾವತಿ ಮಾತ್ರೆ ನುಂಗಿದಳು. ಅಲ್ಲಿಂದಲೇ ಮಂಗಳೂರಿನ ಡಾಕ್ಟರಿಗೆ ಫೋನ್ ಮಾಡಿ, ಒಂದನ್ನೂ ಮುಚ್ಚಿಡದೆ ಹೇಳಿದಳು.

"ಇವತ್ತೇ ಹೊರಟು ಬನ್ನಿ," ಎಂದರು ಡಾಕ್ಟರು.

ಮಂಗಳೂರಿನಲ್ಲಿ ಸೂಜಿ ಹಾಕಿ ಕಿಡ್ನಿಯ ಸಣ್ಣ ಚೂರು ತೆಗೆದು ಪರೀಕ್ಷಿಸಿದರು. ಮೈ ಕಿಡ್ನಿಯನ್ನು ತಿರಸ್ಕರಿಸಲು ಶುರುಮಾಡಿತ್ತು. ಮೂರು ದಿನ ಇಂಜೆಕ್ಷನ್ ಕೊಟ್ಟರು. ವಾದಿರಾಜ ಮೂರು ದಿನವೂ ಬಾಗಿಲ ಹೊರಗೆ ಕುರ್ಚಿ ಬಿಟ್ಟು ಏಳಲಿಲ್ಲ. ಕಡೆಗೆ ಅಂಕಿ ಒಂದು ಪಾಯಿಂಟ್ ನಾಲ್ಕಕ್ಕೆ ಇಳಿದು ನಿಂತಿತು.

"ಕಿಡ್ನಿ ಉಳೀತು," ಎಂದರು ಡಾಕ್ಟರು. "ಆದ್ರೆ ಹಳೇ ಅಂಕಿಗೆ ಬರೋದು ಕಷ್ಟ. ಕಳೆದಷ್ಟು ಕಳೆದ ಹಾಗೆ. ಇನ್ನೊಂದು ವಾರ ತಡ ಮಾಡಿದ್ರೆ ನಾನು ಇಷ್ಟೂ ಹೇಳ್ತಿರಲಿಲ್ಲ."

ಸಂಜೆ ಸರಸ್ವತಿ ಬಂದಳು. ಶರಾವತಿ ಅಕ್ಕನ ಮುಖ ನೋಡದೆ ಎಲ್ಲವನ್ನೂ ಹೇಳಿದಳು. ಏಕಾದಶಿ, ಮಾತ್ರೆ, ಸೀರೆಯ ಕೆಳಗಿನ ರಿಪೋರ್ಟು. ಸರಸ್ವತಿ ತಂಗಿಯ ಹೊದಿಕೆ ಸರಿಮಾಡಿದಳು.

"ಬೈಯಕ್ಕ," ಎಂದಳು ಶರಾವತಿ.

"ಬೈಯೋದೇನು ಬಂತು. ಇನ್ನೊಂದು ಕೊಡೋಣ ಅಂದ್ರೆ ನನ್ನ ಹತ್ರ ಇರೋದು ಒಂದೇ ಕಣೇ."

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಕಿಡ್ನಿ, ಲಿವರ್, ಹೃದಯ ಕಸಿ ಮಾಡಿಸಿಕೊಂಡವರು ಇರಬಹುದು. ಅವರ ಮಾತ್ರೆಗೆ ಹಬ್ಬವಿಲ್ಲ, ರಜೆಯಿಲ್ಲ, ಹುಷಾರಾಯಿತು ಎಂಬ ದಿನವೂ ಇಲ್ಲ. ಉಪವಾಸ ಮಾಡಬೇಕೆನಿಸಿದರೆ ಮೊದಲು ಡಾಕ್ಟರನ್ನು ಕೇಳಿ. ಶಕ್ತಿ ಬರುತ್ತದೆಂದು ಯಾರೋ ಹೇಳಿದ ಕಷಾಯ, ಪುಡಿ ಯಾವುದನ್ನೂ ಕೇಳದೆ ಕುಡಿಯಬೇಡಿ, ಅದು ಕಾವಲುಗಾರರನ್ನು ಎಬ್ಬಿಸಿಬಿಡಬಹುದು. ಹೇಳಿದ ದಿನ ರಕ್ತ ಪರೀಕ್ಷೆ ಮಾಡಿಸಿ, ರಿಪೋರ್ಟನ್ನು ಬಚ್ಚಿಡದೆ ತೋರಿಸಿ. ಒಂದು ಹೊತ್ತು ತಪ್ಪಿದರೆ ಎರಡನ್ನೂ ಒಟ್ಟಿಗೆ ನುಂಗಬೇಡಿ, ಆಸ್ಪತ್ರೆಗೆ ಫೋನ್ ಮಾಡಿ. ತಪ್ಪು ಹೇಳಿಕೊಂಡರೆ ಯಾರೂ ನಗುವುದಿಲ್ಲ.

ಇವತ್ತು ಅವರ ಮಾತ್ರೆ ಆಯಿತೇ? ಗೊತ್ತಿಲ್ಲವಾದರೆ ಈ ಹಾಳೆಯನ್ನು ಪಕ್ಕಕ್ಕಿಟ್ಟು ಈಗಲೇ ಕೇಳಿ ಬನ್ನಿ.