ಉಗ್ರಾಣದ ಮೇಸ್ತ್ರಿಯ ಹೆಸರು

ಎಪ್ಪತ್ತನಾಲ್ಕನೇ ಇಸವಿಯ ಸುಗ್ಗಿ ಮುಗಿಯುವ ಹೊತ್ತಿಗೆ, ಕಾಟಮ್ಮ ಕೊಟ್ಟ ಅರ್ಜಿಯ ವಿಚಾರಣೆಗೆಂದು ಚಿತ್ರದುರ್ಗದಿಂದ ಸಾಹೇಬರು ಜೀಪಿನಲ್ಲಿ ಬಂದರು. ಹಿರಿಯೂರು ಸೀಮೆಯ ಆ ಸರ್ಕಾರಿ ಬೀಜದ ಫಾರಂನಲ್ಲಿ ಅವರಿಗೆ ಎಳನೀರು ಕೊಚ್ಚಿ ಕೊಟ್ಟವನು ಯಾರೆಂದರೆ, ಅರ್ಜಿ ಯಾರ ಮೇಲಿತ್ತೋ ಅದೇ ಮೇಸ್ತ್ರಿ. ಸಾಹೇಬರು ಎರಡು ಕುಡಿದರು. ವಿಚಾರಣೆ ಅಲ್ಲಿಗೇ ಅರ್ಧ ಮುಗಿದಿತ್ತು ಎಂದರೂ ತಪ್ಪಿಲ್ಲ.

ನಡೆದದ್ದು ಇಷ್ಟು. ಕಾಟಮ್ಮ ಫಾರಂನ ಕೂಲಿ ಆಳು. ಶೇಂಗಾ ಬೀಜ ತರಲು ಉಗ್ರಾಣಕ್ಕೆ ಹೋದಾಗ ಮೇಸ್ತ್ರಿ ಬಾಗಿಲು ಹಾಕಿ ಅವಳ ಮೈಮೇಲೆ ಕೈ ಹಾಕಿದ್ದ. ಅವಳು ಆ ಕೈ ಕಚ್ಚಿ ಬಿಡಿಸಿಕೊಂಡು ಬಂದಿದ್ದಳು. ಅವಳಿಗಿಂತ ಮುಂಚೆ ಬೇರೆಯವರಿಗೂ ಹೀಗೇ ಆಗಿತ್ತು, ಎಲ್ಲರೂ ನುಂಗಿಕೊಂಡಿದ್ದರು. ಕಾಟಮ್ಮ ಮಾತ್ರ ನಿವೃತ್ತ ಮೇಷ್ಟ್ರು ಪರಮೇಶ್ವರಪ್ಪನವರ ಕೈಲಿ, ಉಗ್ರಾಣದ ಮೇಸ್ತ್ರಿ ಹೀಗೆ ಮಾಡಿದ ಎಂದು ಬರೆಸಿ ಅಂಚೆಗೆ ಹಾಕಿಸಿದ್ದಳು.

ಫಾರಂ ಕಚೇರಿಯಲ್ಲಿ ಸಾಹೇಬರು ಮೇಸ್ತ್ರಿಯ ಹೆಸರು ಕೇಳಿದರು. ಕಾಟಮ್ಮ ತಬ್ಬಿಬ್ಬಾದಳು. ಅವನ ಹೆಸರೂ ಅವಳ ಗಂಡನ ಹೆಸರೂ ಒಂದೇ. ಮದುವೆಯಾದ ಹದಿನಾರು ವರ್ಷದಲ್ಲಿ ಗಂಡನ ಹೆಸರನ್ನು ಅವಳು ಒಮ್ಮೆಯೂ ಬಾಯಲ್ಲಿ ಆಡಿರಲಿಲ್ಲ. ಆಡಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ಅವ್ವ ಹೇಳಿಕೊಟ್ಟಿದ್ದಳು, ಇವಳು ನಂಬಿದ್ದಳು. ಬಾಗಿಲಾಚೆ ನಿಂತಿದ್ದ ಮೇಸ್ತ್ರಿಯತ್ತ ಕೈ ತೋರಿಸಿದಳು. ಕೈ ತೋರಿಸಿದ್ದನ್ನು ಕಾಗದದಲ್ಲಿ ಬರೆಯಲಾಗದು ಎಂದರು ಸಾಹೇಬರು. ತಿರುಪತಿ ದೇವರ ಹೆಸರು ಎಂದಳು. ಶ್ರೀನಿವಾಸನೋ ವೆಂಕಟೇಶನೋ ಎಂದು ಕೇಳಿ ಸಾಹೇಬರ ಜೊತೆ ಬಂದಿದ್ದ ಗುಮಾಸ್ತ ತಾನೇ ನಕ್ಕ. ಹೆಸರು ಹೇಳದಿದ್ದರೆ ಅರ್ಜಿ ಬಿದ್ದುಹೋಗುತ್ತದೆ ಎಂದು ಸಾಹೇಬರು ಗಡಿಯಾರ ನೋಡಿಕೊಂಡರು.

ಆ ಹೆಸರು ಹೇಳಲು ಯಾವ ಅಡ್ಡಿಯೂ ಇಲ್ಲದ ಆರು ಕೂಲಿ ಹೆಂಗಸರು ಹೊರಗೆ ಬೇವಿನ ಮರದಡಿ ನಿಂತಿದ್ದರು. ಬೋರಕ್ಕ ಇದ್ದಳು, ಚಿತ್ತಮ್ಮ ಇದ್ದಳು. ಒಬ್ಬಳೂ ಒಳಗೆ ಬರಲಿಲ್ಲ. ಅವರ ಮೇಲೆ ಸಿಟ್ಟಾಗಿ ಏನು ಪ್ರಯೋಜನ? ನಾಳೆ ಬೆಳಿಗ್ಗೆ ಹಾಜರಿ ಕೂಗುವವನೂ ಆ ಮೇಸ್ತ್ರಿಯೇ.

ಕಾಟಮ್ಮ ಕಣ್ಣು ಮುಚ್ಚಿಕೊಂಡು, "ತಿಮ್ಮರಾಯಪ್ಪ" ಎಂದಳು. ಗುಮಾಸ್ತ ಬರೆದುಕೊಂಡು, ಗಂಡನ ಹೆಸರೇನು ಎಂದು ಕೇಳಿದ. ಅದೂ ಅದೇ ಎಂದಳು.

ಮಾರನೆಯ ದಿನದಿಂದ ಹಾಜರಿಯಲ್ಲಿ ಅವಳನ್ನು ಕೂಗಲಿಲ್ಲ. ತಿಂಗಳು ಕಳೆದ ಮೇಲೆ ಉತ್ತರ ಬಂತು. ಗಂಡ ಹೆಂಡತಿ ಇಬ್ಬರೂ ಹೋಗಿ ಮೇಷ್ಟ್ರ ಜಗಲಿಯಲ್ಲಿ ಕುಳಿತರು. ಮೇಷ್ಟ್ರು ಓದಿದರು, ತಡೆದರು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಅರ್ಜಿದಾರಳು ದೂರಿರುವುದು ತನ್ನ ಗಂಡ ತಿಮ್ಮರಾಯಪ್ಪನ ಮೇಲೆ. ಗಂಡ ಹೆಂಡಿರ ಜಗಳದಲ್ಲಿ ಇಲಾಖೆ ತಲೆ ಹಾಕುವಂತಿಲ್ಲ. ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.

ಆ ಗುಮಾಸ್ತನನ್ನು ದಡ್ಡ ಎಂದುಕೊಳ್ಳಬೇಡಿ. ಬೇಕೆಂದೇ ಮಾಡಿದ ತಪ್ಪಿಗೂ ಸರ್ಕಾರದ ಮೊಹರು ಅಷ್ಟೇ ಚೆನ್ನಾಗಿ ಬೀಳುತ್ತದೆ.

ಈ ಕಾಗದ ಊರಿಗೆ ಗೊತ್ತಾದರೆ ತಲೆಯೆತ್ತಿ ತಿರುಗುವ ಹಾಗಿಲ್ಲ, ಇಲ್ಲಿಗೇ ಬಿಟ್ಟುಬಿಡು ಎಂದ ಗಂಡ.

"ನನ್ ಹೆಸ್ರು ಹಾಳಾಗೈತೆ ಕಣೇ."

ಕಾಟಮ್ಮನಿಗೆ ಹೊಟ್ಟೆ ಉರಿಯಿತು. ಅವಳಿಗೆ ಏನಾಗಿತ್ತೆಂದು ಇವನು ಒಂದು ದಿನವೂ ಕೇಳಿರಲಿಲ್ಲ. ಅಳು ಬಂತು, ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಮೇಷ್ಟ್ರ ಕಡೆ ತಿರುಗಿದಳು.

"ಇನ್ನೊಂದು ಬರೀರಿ ಮೇಷ್ಟ್ರೆ. ನನ್ ಮೈ ಮುಟ್ಟಿದ್ದು ಗಂಡ ತಿಮ್ಮರಾಯಪ್ಪ ಅಲ್ಲ, ಮೇಸ್ತ್ರಿ ತಿಮ್ಮರಾಯಪ್ಪ. ಎರಡೂ ಬರ್ಕಳ್ರಿ."

ಹೆಂಡತಿಯ ಬಾಯಲ್ಲಿ ತನ್ನ ಹೆಸರನ್ನು ಮೊದಲ ಸಲ ಕೇಳಿದ ಗಂಡ ಎದ್ದು, ಚಪ್ಪಲಿ ಮೆಟ್ಟಿಕೊಂಡು, ತಿರುಗಿ ನೋಡದೆ ನಡೆದುಬಿಟ್ಟ. ಕಾಟಮ್ಮ ಅವನ ಹಿಂದೆ ಹೋಗಲಿಲ್ಲ. ಮೇಷ್ಟ್ರು ಎಲ್ಲಿ ತಪ್ಪು ಬರೆದುಬಿಡುತ್ತಾರೋ ಎಂಬ ಭಯಕ್ಕೆ, ಅವರು ಆ ಸಾಲು ಮುಗಿಸುವವರೆಗೂ ಹೆಸರನ್ನು ಗಟ್ಟಿಯಾಗಿ ಹೇಳುತ್ತಲೇ ಇದ್ದಳು.