ಉಸ್ತಾ ಬಿಶಾಯ್‌ನ ಸಲಾಡು

ನೀರನ್ನು ಮೇಲಿನಿಂದ ಇಳಿಸಿ, ಅದರಲ್ಲಿ ಜೀವವನ್ನೂ ಶುದ್ಧಿಯನ್ನೂ ಒಟ್ಟಿಗೆ ಇಟ್ಟವನಿಗೆ ಸ್ತುತಿ. ಮನುಷ್ಯರ ಕುಂದುಗಳನ್ನು ಕಂಡೂ ಮುಚ್ಚುವವನು ಅವನು. ಮುಚ್ಚಿದ್ದನ್ನು ತೆರೆಯಬೇಕಾದ ಗಳಿಗೆಯನ್ನು ಅರಿತವನೂ ಅವನೇ. ಅವನ ಹೆಸರನ್ನು ಮುಂದಿಟ್ಟುಕೊಂಡು ಈ ಕಥೆಯನ್ನು ಆರಂಭಿಸುತ್ತೇನೆ.

ಲಕ್ಸರಿನಿಂದ ಅಸ್ವಾನಿಗೆ ಹೊರಟಿದ್ದ ‘ಬಿಂತ್ ಇಸ್ನಾ’ ಎಂಬ ಪ್ರವಾಸಿ ಹಡಗು ಇಸ್ನಾದ ಅಣೆಕಟ್ಟಿನಲ್ಲಿ ಹಡಗುಗಳನ್ನು ದಾಟಿಸುವ ಬಾಗಿಲು ತೆರೆಯಲೆಂದು ಸಾಲಿನಲ್ಲಿ ಕಾದು ನಿಂತಿದ್ದ ಬೆಳಿಗ್ಗೆ, ಕೆಳ ಅಂತಸ್ತಿನ ಅತಿಥಿಗಳು ಒಬ್ಬರ ಹಿಂದೊಬ್ಬರಂತೆ ವಾಂತಿ ಮಾಡಿಕೊಳ್ಳತೊಡಗಿದರು. ಹಡಗು ಬಾಗಿಲು ದಾಟಿ ಮುಂದಿನ ತಂಗುದಾಣವಾದ ಎದ್ಫುವಿನ ಕಡೆಗೆ ಮುಖ ಮಾಡುವಷ್ಟರಲ್ಲಿ ಆ ಅಂತಸ್ತಿನ ಹೆಚ್ಚುಕಡಿಮೆ ಎಲ್ಲ ಬಾಗಿಲುಗಳ ಹಿಂದೆಯೂ ನರಳಾಟವಿತ್ತು. ಊಟದ ಮನೆಯಲ್ಲಿ ಕುಳಿತಿದ್ದವರು ತಟ್ಟೆಯನ್ನು ದೂರ ಸರಿಸಿ, ಹಿಂದಿನ ಸಂಜೆಯ ಸಲಾಡಿನ ಮಾತೆತ್ತಿದರು. ಸಿಬ್ಬಂದಿ ಗೌರವದಿಂದ ‘ಬೇ’ ಎನ್ನುವ ಹಡಗಿನ ವ್ಯವಸ್ಥಾಪಕ ಮೆದ್‌ಹತ್ ನೇರವಾಗಿ ಅಡುಗೆಮನೆಗೆ ಇಳಿದು ಬಂದ.

“ಏನು ಉಸ್ತಾ, ಆ ಸಲಾಡನ್ನ ನದೀಲಿ ಅದ್ದಿ ತೆಗೆದ್ರಾ?”

ಸಲಾಡಿನ ಮೇಜು, ಪಳಗಿದ ಕಸುಬುದಾರನೆಂದು ಎಲ್ಲರೂ ‘ಉಸ್ತಾ’ ಎಂದು ಕರೆಯುವ ಬಿಶಾಯ್‌ನದು. ತಲೆ ನರೆತ, ಸೊಹಾಗಿನ ಕಡೆಯ ಕ್ರೈಸ್ತ. ಹಡಗಿನ ಅಡುಗೆಮನೆಯನ್ನು ಬಿಟ್ಟರೆ ಅವನಿಗೆ ಬೇರೆ ಬದುಕು ತಿಳಿಯದು.

“ಕನ್ಯಾಮಾತೆ ಆಣೆ ಮೆದ್‌ಹತ್ ಬೇ, ವಿನೆಗರ್ ನೀರಲ್ಲಿ ನೆನೆಸಿ, ಕಾಯಿಸಿ ಆರಿಸಿದ ನೀರಲ್ಲಿ ತೊಳೆದದ್ದು. ಹಸುಗೂಸಿಗೆ ಎರೆಯೋ ಹಾಗೆ ಒಂದೊಂದು ಟೊಮೇಟೊಗೂ ಎರೆದಿದೀನಿ.”

“ಹಸುಗೂಸಿನ ಕಥೆ ಅತಿಥಿಗಳು ಕೇಳ್ತಾರಾ? ಅವರಿಗೆ ಒಂದು ಹೆಸರು ಬೇಕು. ಎದ್ಫುವಿನಲ್ಲಿ ಇಳಿದುಬಿಡಿ. ನಾನು ಅಡುಗೆಯವನನ್ನ ತೆಗೆದೆ ಅಂತ ಹೇಳ್ಕೋತೀನಿ, ಗಲಾಟೆ ಮುಗಿಯುತ್ತೆ.”

ಎದ್ಫುವಿನ ದಡದಲ್ಲಿ ಹಡಗುಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಒಂದರ ಅಡುಗೆಮನೆಯ ಮಾತು ಸಂಜೆಯೊಳಗೆ ಎಲ್ಲವುಗಳ ಅಡುಗೆಮನೆಗೂ ತಲುಪುತ್ತದೆ. ವಿಷ ಹಾಕಿದವನೆಂದು ಇಳಿಸಲ್ಪಟ್ಟವನನ್ನು ಈ ನದಿಯ ಮೇಲೆ ಮತ್ತೆ ಯಾರೂ ಹತ್ತಿಸಿಕೊಳ್ಳುವುದಿಲ್ಲ.

ಹಡಗಿನ ವೈದ್ಯೆ ಇಬ್ತಿಸಾಮ್ ಮಾತ್ರ ಈ ತೀರ್ಪನ್ನು ಒಪ್ಪಲಿಲ್ಲ. ಮೇಲಂತಸ್ತಿನವರೂ ಅದೇ ಸಲಾಡು ತಿಂದಿದ್ದರು. ಅವರು ಬಿಸಿಲಿನಲ್ಲಿ ಮೈಚಾಚಿಕೊಂಡು ಹಾಯಾಗಿದ್ದರು.

“ಅವರು ಕಡಿಮೆ ತಿಂದಿರ್ಬೇಕು,” ಎಂದ ಮೆದ್‌ಹತ್.

“ರೋಗ ಮೆಟ್ಟಿಲು ಹತ್ತೋಕೆ ಸೋಮಾರಿತನ ಮಾಡಿತಾ ಬೇ? ಎದ್ಫು ಬರೋವರೆಗೆ ನನಗೆ ಬಿಡಿ.”

ಅವಳು ಬಾಗಿಲಿಂದ ಬಾಗಿಲಿಗೆ ನಡೆದಳು. ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸುತ್ತ, ನಾಡಿ ಹಿಡಿಯುತ್ತ ಹೋದವಳು ಒಂದು ಕೋಣೆಯಲ್ಲಿ ತಡೆದು ನಿಂತಳು. ಹಾಸಿಗೆಯ ತುದಿಯಲ್ಲಿ ಬಿಳಿಯ ಟವೆಲಿನಿಂದ ಮಡಿಸಿದ ಮೊಸಳೆಯೊಂದು ಬಾಯ್ದೆರೆದು ಮಲಗಿತ್ತು. ಅದರ ಮೂಗಿನ ಮೇಲೆ ರೋಗಿಯದೇ ಕನ್ನಡಕ.

“ಚೆನ್ನಾಗಿದೆ ಅಲ್ವಾ ಡಾಕ್ಟರಮ್ಮ?” ನರಳುತ್ತಲೇ ರೋಗಿ ನಕ್ಕ. “ನಮ್ಮ ಶಾಜ್ಲಿ ಕೈಚಳಕ. ಪಕ್ಕದ ಕೋಣೇಲಿ ಕೋತಿ ಮಾಡಿದಾನೆ, ಅವರ ಟೋಪಿನೇ ತೊಡಿಸಿ.”

ಕೋಣೆ ಅಚ್ಚುಕಟ್ಟು ಮಾಡುವವರೆಲ್ಲ ಟವೆಲನ್ನು ಪ್ರಾಣಿಯಾಗಿ ಮಡಿಸಿಟ್ಟು ಹೋಗುವುದು ಈ ಹಡಗುಗಳ ವಾಡಿಕೆ. ಕೆಳ ಅಂತಸ್ತಿನ ಶಾಜ್ಲಿ ಅದರಲ್ಲಿ ಎಲ್ಲರನ್ನೂ ಮೀರಿಸಿದವನು. ಅವನ ಮೊಸಳೆಯ ಫೋಟೊ ತೆಗೆಯದೆ ಅತಿಥಿಗಳು ಹಾಸಿಗೆ ಸೇರುತ್ತಿರಲಿಲ್ಲ. ಫೋಟೊ ತೆಗೆದ ಮೇಲೆ ಕನ್ನಡಕವನ್ನು ಮುಖಕ್ಕೇರಿಸಿಕೊಂಡು, ಅದೇ ಟವೆಲಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು.

ಇಬ್ತಿಸಾಮ್ ಶಾಜ್ಲಿಯನ್ನು ಕೋಣೆಗಳ ನಡುವಿನ ಓಣಿಯಲ್ಲೇ ಹಿಡಿದಳು.

“ಶಾಜ್ಲಿ, ನಿನ್ನ ಕೈ ತೋರ್ಸು. ಯಾತರಲ್ಲಿ ತೊಳೀತೀಯ?”

“ಜೆಲ್ ಹಚ್ತೀನಿ ಡಾಕ್ಟರಮ್ಮ, ಊಟದ ಮನೆ ಬಾಗಿಲಲ್ಲಿದೆಯಲ್ಲ ಅದು. ಅದಲ್ದೆ ಐದು ಹೊತ್ತು ನಮಾಜಿಗೆ ತೊಳೀತೀನಿ. ನನಗಿಂತ ಚೊಕ್ಕ ಯಾರಿದಾರೆ ಇಲ್ಲಿ?”

“ನಮಾಜಿಗೆ ತೊಳೆದೆ, ಸರಿ. ನಮಾಜು ಮುಗಿಸಿ ಮತ್ತೆ ಅದೇ ಬಕೆಟ್ಟು, ಅದೇ ಬಟ್ಟೆ ಹಿಡಿದೆ. ಆಮೇಲೆ ಮೊಸಳೆ. ಈ ಕಾಯಿಲೆ ಜೆಲ್ಲಿಗೆ ಜಗ್ಗೋದಲ್ಲಪ್ಪ. ಸೋಪು ಹಚ್ಚಿ ಉಜ್ಜಿ ಹರಿಯೋ ನೀರಲ್ಲಿ ಕಳೀಬೇಕು. ಈಗ ನಿಜ ಹೇಳು. ಬೇರೆಯವರು ಹಾಸಿಗೆ ಹಿಡಿಯೋಕೆ ಮುಂಚೆ ಯಾವುದಾದ್ರೂ ಕೋಣೇಲಿ ವಾಂತಿ ಬಳಿದ್ಯಾ?”

ಶಾಜ್ಲಿಯ ಕಣ್ಣು ನೆಲ ನೋಡಿತು. “ಇಲ್ಲ ಡಾಕ್ಟರಮ್ಮ.”

ಬಳಿದಿದ್ದ. ಲಕ್ಸರಿನಲ್ಲಿ ಅತಿಥಿಗಳು ಹತ್ತಿದ ಮಧ್ಯಾಹ್ನ, ರೈಲಿಳಿದು ನೇರ ಬಂದಿದ್ದ ಇನಾಯಾತ್ ಎಂಬ ಮುದುಕಿ, ತಾಂತಾ ಊರಿನ ನಿವೃತ್ತ ಶಾಲಾ ಶಿಕ್ಷಕಿ, ಹಡಗಿನಲ್ಲಿ ಒಂದು ಗುಟುಕು ನೀರನ್ನೂ ಕುಡಿಯುವ ಮೊದಲೇ ಜಮಖಾನೆಯ ಮೇಲೆ ವಾಂತಿ ಮಾಡಿಕೊಂಡಿದ್ದಳು. “ಯಾರಿಗೂ ಹೇಳ್ಬೇಡ ಮಗನೇ, ಮರ್ಯಾದೆ ಹೋಗುತ್ತೆ. ನನ್ನ ಮಾನ ಮುಚ್ಚು, ದೇವರು ನಿನ್ನ ಮಾನ ಮುಚ್ಚಲಿ,” ಎಂದು ಅವನ ಕೈ ಹಿಡಿದಿದ್ದಳು. ಆ ಹಾರೈಕೆಯ ಮುಂದೆ ಆ ನಾಡಿನ ಯಾವ ಮಗನೂ ಬಾಯಿ ತೆರೆಯಲಾರ. ಶಾಜ್ಲಿ ಒರೆಸಿದ, ಜೆಲ್ ಹಚ್ಚಿಕೊಂಡ, ಪಕ್ಕದ ಕೋಣೆಗೆ ಹೋಗಿ ಟವೆಲು ಮಡಿಸಿದ. ಮರುದಿನ ಮುದುಕಿ ಚೇತರಿಸಿಕೊಂಡು ಓಡಾಡತೊಡಗಿದ್ದಳು. ಅವಳನ್ನು ಯಾರೂ ರೋಗಿಗಳಲ್ಲಿ ಎಣಿಸಲಿಲ್ಲ.

ಎದ್ಫುವಿನ ದಡ ಕಾಣಿಸಿಕೊಂಡಾಗ ಶಾಜ್ಲಿ ಕೊಳೆಬಟ್ಟೆಯ ಗಂಟು ಹೊತ್ತು ಅಡುಗೆಯವರ ಮಲಗುಕೋಣೆಯ ಮುಂದೆ ಹಾದುಹೋದ. ಒಳಗೆ ಬಿಶಾಯ್ ತನ್ನ ಚಾಕುಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ.

“ಏನೋ ಮೊಸಳೆ ರಾಜ, ಬೀಳ್ಕೊಡೋಕೆ ಬಂದ್ಯಾ? ದೂರ ನಿಲ್ಲಪ್ಪ, ನನ್ನ ವಿಷ ನಿನಗೂ ತಗಲೀತು.”

“ಹಾಗನ್ಬೇಡಿ ಉಸ್ತಾ.”

“ನಾನನ್ನದಿದ್ರೆ ಊರು ಅನ್ನುತ್ತೆ. ಮನೆ ಮುಂದೆ ಗಾಡಿ ಇಟ್ಟು ಬೇಯಿಸಿದ ಅವರೆ ಮಾರಿದ್ರೂ ಇನ್ನು ಯಾರು ತಿಂತಾರೆ ಹೇಳು? ಹೆಂಡ್ತಿ ಏನೂ ಕೇಳಲ್ಲ. ಅವಳು ಕೇಳದೆ ಇರೋದನ್ನ ನೆನೆಸ್ಕೊಂಡ್ರೇ ಕಾಲು ಏಳ್ತಿಲ್ಲ.”

ಶಾಜ್ಲಿ ಗಂಟನ್ನು ಅಲ್ಲೇ ಕೆಡವಿ ಹೊರಗೆ ನಡೆದ.

ಮತ್ತೊಬ್ಬರ ಮಾನವನ್ನು ಮುಚ್ಚುವುದು ಪುಣ್ಯವೆಂದು ಹಿರಿಯರು ಬೋಧಿಸಿದ್ದಾರೆ, ಅದರಲ್ಲಿ ಸಂಶಯವಿಲ್ಲ. ಆದರೆ ಆ ಮುಸುಕಿನ ಅಡಿಯಲ್ಲಿ ಮೂರನೆಯವನೊಬ್ಬ ಉಸಿರುಗಟ್ಟುತ್ತಿದ್ದರೆ ಅದನ್ನು ಎಷ್ಟು ಸರಿಸಬೇಕು, ಎಷ್ಟು ಉಳಿಸಬೇಕು ಎಂಬುದು ಶಾಸ್ತ್ರ ಓದಿದವರಿಗೂ ಕಠಿಣವಾದ ಪ್ರಶ್ನೆ. ಶಾಜ್ಲಿ ಅದನ್ನು ಬಿಡಿಸಲು ಸಾಧ್ಯವಾಗದೆ, ಹಡಗು ನಡೆಸುವ ರಯಿಸ್ ಹಸಬಲ್ಲಾನ ಕೋಣೆಗೆ ಹತ್ತಿದ. ಮೆದ್‌ಹತ್ತೂ ಇಬ್ತಿಸಾಮಳೂ ಅಲ್ಲೇ ವಾದಿಸುತ್ತಿದ್ದರು.

“ರಯಿಸ್, ಉಸ್ತಾನ್ನ ಇಳಿಸ್ಬೇಡಿ. ಡಾಕ್ಟರಮ್ಮನ ಹತ್ರ ಸುಳ್ಳು ಹೇಳ್ದೆ. ಲಕ್ಸರಲ್ಲೇ ಒಂದು ಕೋಣೇಲಿ ವಾಂತಿ ಬಳಿದೆ. ಆ ಕೋಣೆಯವರಿನ್ನೂ ನಮ್ಮ ಹಡಗಿನ ಅನ್ನ ಮುಟ್ಟಿರಲಿಲ್ಲ. ಸಲಾಡು ಆಗ ಕತ್ತರಿಸೇ ಇರಲಿಲ್ಲ.”

“ಯಾರು ಆ ಅತಿಥಿ?” ಮೆದ್‌ಹತ್ ಮುಂದೆ ಬಂದ.

“ಅದನ್ನ ಕೇಳ್ಬೇಡಿ ಬೇ. ಮಾತು ಕೊಟ್ಟಿದೀನಿ. ಬೇಕಾದ್ರೆ ನನ್ನ ಇಳಿಸಿ.”

“ಹೆಸರು ನನಗೆ ಬೇಡ,” ಎಂದಳು ಇಬ್ತಿಸಾಮ್. “ಯಾವಾಗ ಬಳಿದೆ, ಆಮೇಲೆ ಯಾವ್ಯಾವ ಕೋಣೆಗೆ ಹೋದೆ, ಅಷ್ಟು ಸಾಕು.”

ಶಾಜ್ಲಿ ಹೇಳುತ್ತ ಹೋದ. ಮುದುಕಿಯ ಕೋಣೆಯನ್ನು ಬಿಟ್ಟು ಉಳಿದೆಲ್ಲವನ್ನೂ ಹೇಳಿದ. ಅವನು ಹೋದ ಕೋಣೆಗಳಲ್ಲೆಲ್ಲ ಕಾಯಿಲೆಯಿತ್ತು. ಅವನು ಕಾಲಿಡದ ಮೇಲಂತಸ್ತು ಶುದ್ಧವಾಗಿತ್ತು.

ರಯಿಸ್ ಚುಕ್ಕಾಣಿಯಿಂದ ಕಣ್ಣು ತೆಗೆಯದೆ ಕೇಳಿದ: “ಮೆದ್‌ಹತ್, ಇನ್ನೂ ಇಳಿಸ್ತೀಯಾ?”

“ಆದರೆ ಅತಿಥಿಗಳು ರಯಿಸ್... ಅವರ ಬಾಯಿ ಹೇಗೆ ಮುಚ್ಚಿಸೋದು? ಉಸ್ತಾನ ಕೈಯಡುಗೆ ಇನ್ನು ಯಾರು ತಿಂತಾರೆ?”

“ಅದು ನನಗಿರಲಿ. ನೀನು ಸೋಪು ತರಿಸು.”

ಎದ್ಫುವಿನಿಂದ ಸೋಪು, ಬ್ಲೀಚಿಂಗ್ ನೀರು, ಹೊಸ ಬಟ್ಟೆಗಳು ಬಂದವು. ಬಾಗಿಲ ಹಿಡಿಗಳನ್ನೂ ಮೆಟ್ಟಿಲ ಕಂಬಿಗಳನ್ನೂ ಉಜ್ಜಲಾಯಿತು. ಟವೆಲುಗಳನ್ನು ಕುದಿಯುವ ನೀರಿಗೆ ಹಾಕಿದರು. ರೋಗಿಗಳ ಊಟ ಕೋಣೆಗೇ ಹೋಯಿತು. ಊಟದ ಮನೆಯ ಬಾಗಿಲಲ್ಲಿ ಜೆಲ್ಲಿನ ಬದಲು ನಲ್ಲಿಯ ಪಕ್ಕ ಸೋಪು ಹಿಡಿದು ಶಾಜ್ಲಿಯೇ ನಿಂತ. ಉಜ್ಜದವರನ್ನು ಒಳಗೆ ಬಿಡಲಿಲ್ಲ. ಇನಾಯಾತ್ ಎಲ್ಲರಿಗಿಂತ ಹೆಚ್ಚು ಹೊತ್ತು ಕೈ ಉಜ್ಜಿದಳು. ಅವನ ಮುಖ ನೋಡಲಿಲ್ಲ. ಆದರೆ ಒಳಗೆ ಹೋಗುವಾಗ ಅವನ ತೋಳನ್ನು ಒಮ್ಮೆ ಮುಟ್ಟಿದಳು.

ಊಟಕ್ಕೆ ಎಲ್ಲರೂ ಕುಳಿತಿದ್ದಾಗ ಬಿಶಾಯ್ ಸಲಾಡಿನ ಮೇಜಿನ ಹಿಂದೆ ನಿಂತಿದ್ದ. ಯಾರೂ ಅತ್ತ ಬರಲಿಲ್ಲ. ಆಗ ಅತಿಥಿಗಳ ಮಧ್ಯೆ ಎಂದೂ ಕಾಣಿಸಿಕೊಳ್ಳದ ರಯಿಸ್ ಹಸಬಲ್ಲಾ ಉದ್ದನೆಯ ನಿಲುವಂಗಿ, ಬಿಳಿ ಮುಂಡಾಸಿನಲ್ಲಿ ಒಳಗೆ ಬಂದ. ತಟ್ಟೆಯನ್ನು ಬಿಶಾಯ್‌ನ ಮುಂದೆ ಚಾಚಿದ.

“ಹಾಕು ಉಸ್ತಾ. ಜಿಪುಣತನ ಮಾಡ್ಬೇಡ, ಸೌತೆಕಾಯಿ ಇನ್ನಷ್ಟು ಹಾಕು.”

“ಸಾಕೆನ್ನೋವರೆಗೂ ಹಾಕ್ತೀನಿ ರಯಿಸ್,” ಎಂದ ಬಿಶಾಯ್. ಅವನು ತುಂಬ ಹೊತ್ತು ಹಾಕಿದ.

ರಯಿಸ್ ಎಲ್ಲರಿಗೂ ಕಾಣುವಂತೆ ನಡುಮೇಜಿನಲ್ಲಿ ಕುಳಿತು ತಟ್ಟೆ ಖಾಲಿಯಾಗುವವರೆಗೆ ತಿಂದ. ಅವನ ಹಿಂದೆ ಇಬ್ತಿಸಾಮ್ ಎದ್ದು ಬಂದಳು. ಆಮೇಲೆ ಮೇಲಂತಸ್ತಿನ ಒಬ್ಬಿಬ್ಬರು. ಕೊನೆಗೆ ಬಿಶಾಯ್ ಇನ್ನೊಂದು ಬುಟ್ಟಿ ಟೊಮೇಟೊ ತೊಳೆಯಲು ಒಳಗೆ ಹೋಗಬೇಕಾಯಿತು.

ಇದನ್ನು ಕೇಳಿದವರೆಲ್ಲರ ಕೈಗಳೂ ಅನ್ನವೂ ಶುದ್ಧವಾಗಿರಲಿ. ಹಾಸಿಗೆ ಹಿಡಿದವರು ಬೇಗ ಏಳಲಿ; ನೀರಿನ ಮೇಲಿರುವವರು ಕ್ಷೇಮವಾಗಿ ದಡ ಸೇರಲಿ. ನಿಮ್ಮ ಮಾನವನ್ನು ಕರುಣಾಳುವಾದವನು ಇಹಪರಗಳೆರಡರಲ್ಲೂ ಕಾಪಾಡಲಿ.