ಉಪ್ಪು ನೀರು ಕೊಡ್ರಿ

ನೀರಿನ ಉಪ್ಪು ಅಳೆಯುವ ಮೀಟರ್ ಇನ್ನೂರ ಎಂಬತ್ತು ತೋರಿಸಿತು. ದಾನೇಶ್ವರಿ ಒರೆಸಿ ಮತ್ತೆ ಬಾಟಲಿಯ ನೀರಿಗೆ ಅದ್ದಿದಳು. ಅದೇ ಇನ್ನೂರ ಎಂಬತ್ತು.

"ಇಷ್ಟು ಸವಿ ನೀರು ಇದ್ದ ಮ್ಯಾಲೆ ಇನ್ನೇನು? ಈ ಬಾಟ್ಲಿ ಊರು ಪಟ್ಟಿಯಿಂದ ತಗದುಬಿಡು," ಎಂದರು ಸಿಂಧನೂರು ಕಚೇರಿಯ ಸಿದ್ದರಾಮೇಶ ಸರ್.

ಪದವಿ ಮುಗಿದ ಮೇಲೆ ಅವಳಿಗೆ ಸಿಕ್ಕ ಮೊದಲ ಕೆಲಸ ಈ ನೀರಿನ ಸಮೀಕ್ಷೆ. ಲಿಂಗಸುಗೂರು ಕಡೆಯ ಕಲ್ಲುಗುಡ್ಡಗಳ ಮಳೆ ಹಳ್ಳವಾಗಿ ಮಸ್ಕಿ ದಾಟಿ, ಸಿಂಧನೂರಿನ ಗದ್ದೆಗಳ ಬಸಿನೀರನ್ನೂ ಕೂಡಿಸಿಕೊಂಡು ತುಂಗಭದ್ರೆ ಸೇರುವ ತನಕ ಹನ್ನೆರಡು ಊರು, ಊರಿಗೊಂದು ಬಾಟಲಿ. ಬೋರಿನ ನೀರು ಉಪ್ಪಾಗಿದ್ದರೆ ಆ ಊರಿಗೆ ಶುದ್ಧ ನೀರಿನ ಘಟಕ. ಪಟ್ಟಿ ಹೋಗುವುದು ಇವತ್ತು ಸಂಜೆ ಐದಕ್ಕೆ.

ಆ ಊರ ಬೋರಿನ ಬಾಯಿಗೆ ಬೆಳ್ಳಗೆ ಉಪ್ಪು ಕಟ್ಟಿದ್ದನ್ನು ಅವಳೇ ಕಂಡಿದ್ದಳು. ಆದರೆ ಬಾಟಲಿ ಇಸಿದುಕೊಂಡು ಒಳಗೆ ಹೋಗಿ ತುಂಬಿ ತಂದವಳು ಬೋರಿನ ಹತ್ತಿರದ ಮನೆಯ ಗಿರಿಯಮ್ಮ. ಎಲ್ಲಿಯ ನೀರೆಂದು ಕೇಳಲು ಅವತ್ತು ದಾನೇಶ್ವರಿಗೆ ಬಾಯೇ ಬಂದಿರಲಿಲ್ಲ.

ಮೀಟರನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ಗಿರಿಯಮ್ಮನ ಕಟ್ಟೆಯ ಮೇಲೆ ನಾಲ್ಕೈದು ಹೆಂಗಸರು ಕೂತಿದ್ದರು.

"ಯಮ್ಮಾ, ಮೊನ್ನಿ ಕೊಟ್ಟಿದ್ದು ಯಾವ ನೀರ್ರೀ?"

"ಯಾಕವಾ, ಕೆಟ್ಟಿತ್ತೇನು?"

"ಇಲ್ರೀ, ಭಾಳ ಚಲೋ ಅದ. ತ್ರಾಸ್ ಆಗಿದ್ದು ಅದರಿಂದನ."

"ಹಳ್ಳದಾಗಿನ ವರ್ತಿ ನೀರವಾ ಅದು," ಗಿರಿಯಮ್ಮ ಬೀಗಿದಳು. "ಅವತ್ತು ನಸಕಿನ್ಯಾಗ ಉಸುಕು ತೋಡಿ, ತಿಳಿ ಆಗೂತನ ಕುಂತು, ಸಣ್ಣ ವಾಟಗದಿಂದ ಮೊಗೆದು ತುಂಬಿ, ಅರಿವ್ಯಾಗ ಸೋಸಿ ತಂದಿಟ್ಟಿದ್ದೆ. ಬಾಗಿಲಿಗೆ ಬಂದ ಮಗಳ ಕೈಯಾಗ ಉಪ್ಪು ನೀರು ಕೊಟ್ಟು ಕಳಸಾಕ ಆಗ್ತದೇನು? ಸಿಂಧನೂರಾಗ ಕುಡದೋರು ನಮ್ಮೂರಿಗೆ ಥೂ ಅಂದ್ರ?"

"ಯಾರೂ ಕುಡಿಯಂಗಿಲ್ರೀ. ಮೀಟರ್ ಕುಡೀತದ."

ಹೆಂಗಸರು ಗೊಳ್ಳೆಂದರು. ಪಕ್ಕದ ಮನೆಯ ಮಕ್ತುಂಬೀ ಕಣ್ಣೊರೆಸಿಕೊಂಡಳು. "ಮನಿ ನೋಡಾಕ ಬಂದ ಬೀಗರಿಗೂ ಇದನ್ನ ಕುಡಿಸಿ ಸೊಸಿ ತಂದಾಳ ನೋಡು ಈಕಿ!"

"ನಮ್ಮಪ್ಪ ಎರಡು ಚರಿಗಿ ಕುಡದು ಹ್ಞೂಂ ಅಂದಾನ," ಒಳಗಿನಿಂದ ಸೊಸೆ ಜ್ಯೋತಿ ಕೂಗಿದಳು. "ಮದಿವ್ಯಾದ ಮರುದಿನ ನಾ ಬೋರ್ ನೀರಾಗ ಬ್ಯಾಳಿ ಇಟ್ರ ಮಧ್ಯಾಹ್ನಾದ್ರೂ ಬೇಯಲಿಲ್ಲ!"

ದಾನೇಶ್ವರಿ ಗಡಿಯಾರ ನೋಡಿದಳು. ನಾಲ್ಕು ದಾಟಿತ್ತು. ಇಷ್ಟು ಜನರ ಮುಂದೆ ಇಷ್ಟು ಗಟ್ಟಿಯಾಗಿ ಅವಳು ಎಂದೂ ಮಾತಾಡಿರಲಿಲ್ಲ.

"ಯಮ್ಮಾ, ನಿಮ್ಮ ಚಲೋ ನೀರಿಗೆ ಊರಿನ ಹೆಸರು ಪಟ್ಟಿಯಿಂದ ಹೋಗಾಕತ್ತದ. ಘಟಕ ಬರಂಗಿಲ್ಲ. ಉಪ್ಪು ನೀರು ಕೊಡ್ರಿ!"

ಗಿರಿಯಮ್ಮ ಮುಖ ತಿರುಗಿಸಿದಳು. "ನನ್ನ ಕೈಲೆ ಆಗಂಗಿಲ್ಲ. ಜ್ಯೋತೀ, ನೀನ ಕೊಡಬೇ."

ಜ್ಯೋತಿ ಕೊಡ ಹಿಡಿದು ಬೋರಿಗೆ ಓಡಿ ತುಂಬಿ ತಂದಳು. ಕೊಡದೊಳಗೆ ಮೀಟರ್ ಮುಳುಗಿತು. ಎಲ್ಲರ ತಲೆಗಳೂ ಅದರ ಮೇಲೆ ಬಾಗಿದವು.

ದಾನೇಶ್ವರಿ ಫೋನ್ ಮಾಡಿದಳು. "ಸರ್, ಮೊನ್ನೀದು ಹಳ್ಳದ ನೀರು, ಕೇಳದ ತಂದಿದ್ದು ನನ್ನ ತಪ್ಪು. ಬೋರಿಂದು ಈಗ ನೋಡೀನಿ. ಎರಡು ಸಾವಿರದ ನೂರ ನಲವತ್ತು!"

"ಹಂಗಾದ್ರ ಊರು ಪಟ್ಟಿಯಾಗ ಇರ್ತದ. ಫೋಟೋ ಕಳಸು," ಎಂದರು ಸರ್.

ಪರೀಕ್ಷೆಯಲ್ಲಿ ಮಗಳು ಪಾಸಾದಂತೆ ಹೆಂಗಸರು ಚಪ್ಪಾಳೆ ತಟ್ಟಿದರು. "ಎರಡು ಸಾವಿರ! ಎರಡು ಸಾವಿರ!" ಎಂದು ಮಕ್ತುಂಬೀ ಓಣಿಗೆಲ್ಲ ಸಾರಿದಳು.

ಗಿರಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗು ತಡೆಯುತ್ತಾ, "ಅಷ್ಟು ಜೋರಲೆ ಒದರಬ್ಯಾಡ್ರೇ," ಎಂದಳು, "ಹಾದ್ಯಾಗ ಹೋಗೋರು ಕೇಳ್ಯಾರು!"